ಅತ್ತೆ ಹಾಲು ಎರೆದ ಶ್ರಾವಣ

ಹಬ್ಬಗಳು ದುಡಿಯುವವರ ಹೊತ್ತು ತಿನ್ನುತ್ತವೆ ಎಂದು ಸವದತ್ತಿಯ ಚರ್ಚಾ ಸ್ಪರ್ಧೆಯಲ್ಲಿ ವಾದಿಸಿ ಮೊದಲ ಬಹುಮಾನ ತಂದಾಗ ನಾನು ಪಿಯುಸಿ ಎರಡನೆಯ ವರ್ಷದಲ್ಲಿದ್ದೆ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಬೈಲಹೊಂಗಲದಲ್ಲಿ ಬಸ್ಸಿಳಿದು ನೆಟ್ಟಗೆ ಮನೆಗೆ ಬಂದವಳೇ ಬಹುಮಾನದ ಕಪ್ಪನ್ನು ಆಯಿಯ ಮುಂದಿಟ್ಟೆ. ಆಯಿ ಎಂದರೆ ಅಪ್ಪನ ತಾಯಿ. ನಮ್ಮ ಮನೆಯ ಶ್ರಾವಣ ಅವಳ ಮಾತಿನಂತೆಯೇ ನಡೆಯುತ್ತಿತ್ತು.

"ಏನಂತ ಹೇಳಿ ಗೆದ್ದೀಯವಾ ಇದನ್ನ?" ಎಂದಳು. ಹೇಳಿದೆ.

"ಹಬ್ಬ ಬ್ಯಾಡ ಅಂದಿ. ಆತು. ಆ ಜಾಗಾದಾಗ ಏನ್ ಇಡತಿ?"

ಸ್ಪರ್ಧೆಯಲ್ಲಿ ಎದುರು ಪಕ್ಷದವರು ಯಾರೂ ಕೇಳದ ಪ್ರಶ್ನೆ ಅದು. ಕೇಳಿದ್ದರೆ ಕಪ್ಪು ಅವರ ಊರಿಗೆ ಹೋಗುತ್ತಿತ್ತು. ನಾನು ಸೋಲೊಪ್ಪುವ ಪೈಕಿ ಅಲ್ಲ. ದೇವರಿಲ್ಲದೆ, ಮನುಷ್ಯರಿಗಾಗಿಯೇ, ಒಂದು ತಿಂಗಳು ಪೂರ್ತಿ ಹಬ್ಬ ಮಾಡಿ ತೋರಿಸುತ್ತೇನೆ ಎಂದುಬಿಟ್ಟೆ. "ಮಾಡು. ನಾನೂ ಬರತೇನಿ. ಚೊಲೋ ಆಗಲಿಲ್ಲಂದ್ರ ಮುಂದಿನ ವರ್ಷ ಬಾಯಿ ಮುಚ್ಚಿಕೊಂಡು ಹಬ್ಬದ ಉಂಡಿ ಕಟ್ಟಬೇಕು ನೀ" ಎಂದು ಆಯಿ ಷರತ್ತು ಹಾಕಿದಳು.

ಹಳೆಯ ಕ್ಯಾಲೆಂಡರಿನ ಹಿಂಬದಿಗೆ ದಿನಕ್ಕೊಂದರಂತೆ ಮೂವತ್ತು ಮನೆ ಗೆರೆ ಎಳೆದು ಅಡುಗೆಮನೆಯ ಬಾಗಿಲ ಪಕ್ಕ ಅಂಟಿಸಿದೆ. ಪ್ರಶ್ನೆ ಕೇಳುವ ದಿನ, ವಿಜ್ಞಾನದ ದಿನ, ದೂರದವರಿಗೆ ಕಾಗದ ಬರೆಯುವ ದಿನ, ಹರಿದ ಪುಸ್ತಕಗಳಿಗೆ ರಟ್ಟು ಹಾಕುವ ದಿನ, ಸಂತೆಯಲ್ಲಿ ಕುಳಿತವರಿಗೆ ನೀರು ಕೊಡುವ ದಿನ, ಮನೆಯ ಗಂಡಸರು ಅಡುಗೆ ಮಾಡುವ ದಿನ. ಕೊನೆಯದನ್ನು ಓದಿದ ಅಪ್ಪ ಆ ದಿನ ಧಾರವಾಡದಲ್ಲಿ ಕೆಲಸವಿದೆ ಎಂದು ಮೂರು ವಾರ ಮೊದಲೇ ತಿಳಿಸಿದ.

ಶ್ರಾವಣದ ಮೊದಲ ದಿನ ಯಾರೂ ಪ್ರಶ್ನೆ ಕೇಳಲಿಲ್ಲ, ನಾನೇ ಕೇಳಿ ನಾನೇ ಉತ್ತರ ಹೇಳಿದೆ. ಎರಡನೆಯ ದಿನ ಗ್ರಹಣದ ಬಗ್ಗೆ ಅರ್ಧ ಗಂಟೆ ಭಾಷಣ ಮಾಡಿದೆ. ಅಣ್ಣ ಗೋಡೆಗೊರಗಿ ನಿದ್ದೆ ಹೋದ.

"ನಿನ್ನ ಹಬ್ಬಕ್ಕ ಬಾಯಿ ಐತಿ, ಹೊಟ್ಟಿ ಇಲ್ಲ ನೋಡು" ಎಂದಳು ಆಯಿ.

ಮೂರನೆಯ ದಿನ, ನಾಗಪಂಚಮಿಗೆ ಮುಂಚೆ ಬರುವ ರೊಟ್ಟಿ ಪಂಚಮಿ. ಓಣಿಯ ಮನೆಮನೆಯಿಂದ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಕಾಳುಪಲ್ಯ ಬಂದವು. ನಮ್ಮವೂ ಹೋದವು. ಆಗ ಹೊಳೆಯಿತು. "ಆಯಿ, ಇದರಾಗ ದೇವರು ಎಲ್ಲಿ ಅದಾನ? ಇದು ನನ್ನ ಕಡೆ ಹಬ್ಬ" ಎಂದೆ. ಆಯಿ ರೊಟ್ಟಿ ಮುರಿಯುತ್ತ, "ನಾ ಹುಟ್ಟೋಕಿಂತ ಮೊದಲಿಂದ ಮಾಡಾಕ್ಹತ್ತೇವಿ, ಇವತ್ತ ಇಕಿ ಕಡೆ ಆತಂತ" ಎಂದು ನಕ್ಕಳು. ಆದರೂ ಅರ್ಧ ಅಂಕ ನನಗೆ ಸಿಕ್ಕಿತೆಂದೇ ನನ್ನ ಲೆಕ್ಕ.

ನಾಲ್ಕನೆಯ ದಿನವೇ ನಿಜವಾದ ಪರೀಕ್ಷೆ. ಅಂದು ನಮ್ಮಲ್ಲಿ ಮಣ್ಣಿನ ನಾಗಪ್ಪನಿಗೆ ಹಾಲೆರೆಯುತ್ತಾರೆ. ಒಣಕೊಬ್ಬರಿಯ ಬಟ್ಟಲಲ್ಲಿ ಹಾಲು ತೆಗೆದುಕೊಂಡು ಅಪ್ಪನ ಪಾಲು, ಅವ್ವನ ಪಾಲು, ಅಣ್ಣನ ಪಾಲು ಎಂದು ಒಬ್ಬೊಬ್ಬರನ್ನೂ ನೆನೆಯುತ್ತ ಎರೆಯಬೇಕು. ಅತ್ತೆ ಮಾತ್ರ ಎರೆಯುತ್ತಿರಲಿಲ್ಲ. ಅವಳು ಆಯಿಯ ಮಗಳು. ಸುರೇಬಾನಕ್ಕೆ ಮದುವೆಯಾಗಿ ಹೋಗಿ, ಗಂಡ ತೀರಿಕೊಂಡ ಮೇಲೆ ನಮ್ಮಲ್ಲಿಗೆ ಬಂದು ಒಂಬತ್ತು ವರ್ಷವಾಗಿತ್ತು. ಉಂಡಿ ಕಟ್ಟುವವಳು, ಜೋಳದ ಅಳ್ಳು ಹುರಿಯುವವಳು, ಹಾಲು ಕಾಯಿಸುವವಳು ಅವಳೇ. ಎರೆಯುವ ಹೊತ್ತಿಗೆ ಮಾತ್ರ ಅಡುಗೆಮನೆಯ ಹೊಸ್ತಿಲೊಳಗೆ ನಿಂತುಬಿಡುತ್ತಿದ್ದಳು. ಯಾರೂ ಅವಳಿಗೆ ಅಲ್ಲೇ ನಿಲ್ಲು ಎಂದಿರಲಿಲ್ಲ. ಬಾ ಎಂದೂ ಯಾರೂ ಅಂದಿರಲಿಲ್ಲ. ಅವಳು ಆ ಹೊಸ್ತಿಲು ದಾಟಿ ಬರದಿದ್ದರೆ ನನ್ನ ಮೂವತ್ತು ಮನೆಗಳ ಕಾಗದಕ್ಕೆ ಅರ್ಥವಿರಲಿಲ್ಲ.

ಓಣಿಯ ಮಕ್ಕಳನ್ನು ಕರೆದು ಪಡಸಾಲೆಯಲ್ಲಿ ಸಾಲಾಗಿ ಕೂರಿಸಿದೆ. ಹಾಲು ಅವರ ಲೋಟಕ್ಕೆ, ಪಾಲು ಹೇಳುವುದು ಎಂದಿನಂತೆ. ಆಯಿ ನಾಗಪ್ಪನಿಗೆ ಒಂದು ಹನಿ ಮುಟ್ಟಿಸಿಯೇ ಪಾತ್ರೆಯನ್ನು ಈಚೆ ತಂದಳು. ಆ ಒಂದು ಹನಿಗೂ ನಾನು ತಕರಾರು ತೆಗೆದೆ. "ಅದು ನನ್ನ ಪಾಲಿಂದು, ನಿನಗೇನು?" ಎಂದಳು.

ನಾನು ಹೊಸ್ತಿಲ ಬಳಿ ಹೋಗಿ ವಾದ ಶುರುಮಾಡಿದೆ. ಕುಡಿಯುವ ಮಗು ಯಾರ ಕೈಯೆಂದು ನೋಡುವುದಿಲ್ಲ. ಕಾಯಿಸಿದ ಕೈಗೆ ಇಲ್ಲದ ದೋಷ ಎರೆಯುವ ಕೈಗೆ ಬರುವುದು ಹೇಗೆ? ದೋಷವಿದೆ ಅನ್ನುವವರೇ ಅದನ್ನು ತೋರಿಸಬೇಕು. ಮೂರೂ ಗಟ್ಟಿ ಅಂಶಗಳು, ಸವದತ್ತಿಯಲ್ಲಾಗಿದ್ದರೆ ಚಪ್ಪಾಳೆ ಬೀಳುತ್ತಿತ್ತು.

ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಪೂರ್ತಿ ಕೇಳಿದಳು. "ನೀ ಹೇಳಿದ್ದು ಖರೇನ ಐತಿ. ನೀನ ಗೆದ್ದಿ. ಆದ್ರ ನಾ ಬರಂಗಿಲ್ಲ, ಬಿಡವಾ."

ಗೆದ್ದ ಮೇಲೆ ಮುಂದೇನು ಎಂದು ನನಗೆ ಯಾರೂ ಕಲಿಸಿರಲಿಲ್ಲ. ಮಕ್ಕಳು ಲೋಟ ಬಡಿಯತೊಡಗಿದವು.

ಆಯಿ ಎರಡು ಲೋಟ ತುಂಬಿಸಿದ್ದಳು. ಮೂರನೆಯದಕ್ಕೆ ಕೈ ತಡೆದು, "ಕೈ ನಡಗಾಕ್ಹತ್ತೇತಿ ನಂದು. ಹಾಲು ಚೆಲ್ಲತೈತಿ. ಬಾರವಾ ಇಲ್ಲಿ, ನೀ ಹಾಕು" ಎಂದು ಮಗಳನ್ನು ಕರೆದಳು.

ಅತ್ತೆ ಕದಲಲಿಲ್ಲ. "ನಿನ್ನ ಸೊಸಿನ ಕರಿ" ಎಂದು ನನ್ನ ಅವ್ವನ ಮೇಲೆ ಹಾಕಿದಳು.

"ಸೊಸಿ ಹಿತ್ತಲದಾಗ ಅದಾಳ. ಹುಡುಗೂರು ಕುಂತಾವ, ಎಷ್ಟೊತ್ತು ಕುಂದ್ರಸ್ತಿ?" ಎನ್ನುತ್ತಲೇ ಆಯಿ ಎದ್ದು ಹೋಗಿ ಕೊಬ್ಬರಿ ಬಟ್ಟಲನ್ನು ಅವಳ ಕೈಯಲ್ಲಿಟ್ಟಳು.

ಹಿಂದಿನ ದಿನವಷ್ಟೇ ಆಯಿಯ ಅದೇ ಕೈ ನಲವತ್ತು ರೊಟ್ಟಿ ಬಡಿದಿತ್ತು, ಒಂದೂ ಹರಿದಿರಲಿಲ್ಲ. ಈಗಲೂ ಆ ಕೈ ನಡುಗುತ್ತಿರಲಿಲ್ಲ. ಪುರಾವೆ ಕೇಳುವ ಚಟ ನನ್ನದು. ಅಂದು ಮಾತ್ರ ಕೇಳಲಿಲ್ಲ.

ಅತ್ತೆ ಹೊಸ್ತಿಲು ದಾಟಿ ಬಂದು ಮಕ್ಕಳ ಮುಂದೆ ಬಗ್ಗಿದಳು. ಅಪ್ಪನ ಪಾಲು, ಅವ್ವನ ಪಾಲು, ಅಣ್ಣನ ಪಾಲು. ದನಿ ಬರುಬರುತ್ತ ಗಟ್ಟಿಯಾಯಿತು. ಕಡೆಯಲ್ಲಿ ಕುಳಿತ ಎದುರು ಮನೆಯ ಪುಟ್ಟಿ ತನ್ನ ಲೋಟ ಎತ್ತಿ, "ಅತ್ತಿ, ನನ್ನ ಲೋಟಕ್ಕ ಯಾರ ಪಾಲು?" ಎಂದಳು.

ಅತ್ತೆ ಬಟ್ಟಲನ್ನು ಮತ್ತೆ ಹಾಲಿಗೆ ಅದ್ದಿದಳು. "ನಮ್ಮ ಮನಿಯವರ ಪಾಲು" ಎಂದು ತುಂಬ ಹಾಕಿದಳು. ಒಂಬತ್ತು ವರ್ಷದಲ್ಲಿ ತೀರಿಹೋದ ಗಂಡನ ಮಾತು ಅವಳ ಬಾಯಲ್ಲಿ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಪುಟ್ಟಿ ಗಟಗಟ ಕುಡಿದು ಇನ್ನೊಂದು ಪಾಲು ಕೇಳಿದಳು.

ಷರತ್ತು ಯಾರು ಗೆದ್ದರೆಂಬ ಮಾತು ಆಮೇಲೆ ಬರಲೇ ಇಲ್ಲ. ಆ ಕಪ್ಪಿನ ಹೊಳಪು ಹೋಗಿ ವರ್ಷಗಳಾದವು. ಮುಂದೆ ಇನ್ನೂ ಎಷ್ಟೋ ಕಪ್ಪುಗಳು ಬಂದವು. ನಾನು ಎದೆಯುಬ್ಬಿಸಿ ಹೇಳಿಕೊಳ್ಳುವುದು ನಾನು ವಾದದಲ್ಲಿ ಗೆದ್ದೂ ಏನೂ ಮಾಡಲಾಗದೆ ನಿಂತ, ಆಯಿ ಒಂದು ಸುಳ್ಳು ಹೇಳಿದ ಆ ದಿನದ ಬಗ್ಗೆ. ಎಂಥ ಹೆಂಗಸರ ಮನೆಯಲ್ಲಿ ಬೆಳೆದೆ ನಾನು.

ಹಾಲೆರೆದ ಮರುದಿನ ಪಂಚಮಿಯ ಜೋಕಾಲಿಯ ಗದ್ದಲದಲ್ಲಿ ಕಳೆಯಿತು. ಆರನೆಯ ದಿನ ಬೆಳಿಗ್ಗೆ ಅತ್ತೆ ತಾನಾಗಿಯೇ ಬಾಗಿಲ ಪಕ್ಕದ ಕಾಗದದ ಮುಂದೆ ನಿಂತು, "ಇವತ್ತ ಏನ್ ಬರದೀಯವಾ ಇದರಾಗ?" ಎಂದಳು. ದೂರದವರಿಗೆ ಕಾಗದ ಬರೆಯುವ ದಿನ ಎಂದೆ. ನನ್ನೆದುರು ಬಂದು ಕುಳಿತಳು. ಸುರೇಬಾನದಲ್ಲಿರುವ ನಾದಿನಿಗೆ ಬರೆಯಬೇಕಂತೆ. ನಾನು ಪೋಸ್ಟ್‌ಕಾರ್ಡ್ ತೆಗೆದು, ಎಲ್ಲರೂ ಬರೆಯುವಂತೆ, ನಾವೆಲ್ಲ ಆರಾಮ ಇದ್ದೇವೆ ಎಂದು ಶುರುಮಾಡಲು ಹೋದೆ.

ಅತ್ತೆ ಪೆನ್ನಿನ ಮೇಲೆ ಕೈಯಿಟ್ಟು ತಡೆದಳು.

"ಆರಾಮ ಅನ್ನೋದು ಆಮ್ಯಾಲೆ ಬರಿ. ಈ ವರ್ಷ ಹಾಲು ನಾನ ಎರದೇನಿ ಅಂತ ಮೊದಲ ಬರಿ."