ಮೇಷ್ಟ್ರ ಆಟದ ಮಂಜು

ನ್ಯಾಮತಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಮಧ್ಯಾಹ್ನ ಊಟವಾದೊಡನೆ ಕಂಪ್ಯೂಟರಿನ ಮುಂದೆ ಕೂರುತ್ತಿದ್ದರು. ಬಂದೂಕು ಹಿಡಿದು ಪಾಳುಬಿದ್ದ ಊರೊಂದರಲ್ಲಿ ಒಬ್ಬರೇ ಅಲೆಯುವ ಆಟ ಅದು. ಶತ್ರು ಎದುರಾದರೂ ಗುಂಡು ಹಾರಿಸುವುದನ್ನು ಮರೆತು, ಬೆರಳಿನಿಂದ ಗಾಳಿಯಲ್ಲಿ ಗೆರೆ ಎಳೆಯುತ್ತಾ ಅಲ್ಲಿನ ಗೋಡೆಗಳನ್ನು ನೋಡುತ್ತಿದ್ದರು. "ಬೆಳಕು ಭಾಳ ಚೆನ್ನಾಗೈತೆ, ಬಡಿದಾಟ ಬರೀ ಸಪ್ಪೆ" ಎನ್ನುವುದು ಅವರ ದಿನದ ಮಾತು. ಶತ್ರುಗಳಿಗೆಲ್ಲ ಒಂದೇ ಮುಖ ಎಂದೂ ದೂರುತ್ತಿದ್ದರು.

ಒಮ್ಮೆ ನನ್ನನ್ನು ಕರೆದು, "ನೋಡ್ರೀ, ಆಟದಾಗೆ ಮಂಜು ಜಾಸ್ತಿ ಮಾಡ್ಯಾರೆ. ದಾರೀನೇ ಕಾಣ್ತಾ ಇಲ್ಲ" ಎಂದರು. ಪರದೆಯ ಮೇಲೆ ಬಿಸಿಲು ನಿಚ್ಚಳವಾಗಿತ್ತು. ಚಿಕ್ಕಂದಿನಿಂದಲೂ ಅವರಿಗೆ ಒಂದೇ ಕಣ್ಣು ಕಾಣುತ್ತಿತ್ತು. ಮಂಜು ಆಟದಲ್ಲಲ್ಲ, ಆ ಕಣ್ಣಿನಲ್ಲೇ ಇರಬೇಕು ಅನಿಸಿತು.

ಮರುದಿನವೇ ಅವರನ್ನು ಶಿವಮೊಗ್ಗದ ಕಣ್ಣಾಸ್ಪತ್ರೆಗೆ ಕರೆದೊಯ್ದೆ. "ಪೊರೆ ಬಂದಿದೆ, ತೆಗೆದರೆ ಸರಿಹೋಗುತ್ತೆ" ಎಂದರು ಡಾಕ್ಟರು. ಆಪರೇಷನ್ ಆಗಿ ಕೆಲವು ವಾರಗಳ ನಂತರ ಮೇಷ್ಟ್ರು ಮತ್ತೆ ಆಟ ಹಚ್ಚಿದಾಗ ಅವರ ಹೆಂಡತಿಯೂ ನಾನೂ ಹಿಂದೆ ನಿಂತಿದ್ದೆವು. ಮೇಷ್ಟ್ರು ಪರದೆಗೆ ಬೆರಳು ತಾಗಿಸಿ, "ಈ ಗಿಡಕ್ಕೆ ನೆರಳೇ ಬರೆದಿಲ್ಲವಲ್ರೀ, ಸೋಮಾರಿಗಳು!" ಎಂದು ರೇಗಿದರು.

"ತಪ್ಪು ಹುಡುಕಾಕೆ ಶುರು ಮಾಡಿದ್ರು. ಕಣ್ಣು ಬಂತು ಬಿಡ್ರೀ" ಎಂದು ಅವರ ಹೆಂಡತಿ ಅಲ್ಲೇ ನೆಲದ ಮೇಲೆ ಕೂತು ನಕ್ಕುಬಿಟ್ಟರು.