ಜೋಡಿ ಮೇಳದ ದಾನಿಯೇಲ

ಗೆಳೆಯರೇ,
ಯಾರು ಏನು ಹೇಳಿದರೂ ಮೊದಲು ನಂಬದಿರುವುದು ನನ್ನ ಹಳೇ ಚಟ.
ಬೆಳಿಗ್ಗೆ ದಾನಿಯೇಲನ ಮಗಳು ಫೋನ್ ಮಾಡಿ "ಕಾಕಾ, ಅಪ್ಪ ಹೋದ್ರು" ಅಂದಳು...
"ಇನ್ನೊಮ್ಮೆ ಸರಿಯಾಗಿ ನೋಡವ್ವಾ" ಅಂದೆ.
ಎಂಥ ಮಾತು! ಡಾಕ್ಟರ್ ನೋಡಿ ಹೋಗಿದ್ದರು...

ದಾನಿಯೇಲ. ನನ್ನ ದಾನ್ಯಾ.
ಎಪ್ಪತ್ತರ ದಶಕದಲ್ಲಿ ತಿಕೋಟಾ, ಬಬಲೇಶ್ವರದ ಸಂತೆಗಳಲ್ಲಿ ಸೈಕಲ್ ನಿಲ್ಲಿಸಿ ಯೇಸುವಿನ ಸುದ್ದಿ ಹೇಳುತ್ತಿದ್ದವನು.
ಪಕ್ಕದಲ್ಲೇ ನಾನು ಟವೆಲ್, ಬನಿಯನ್ ಹಾಸಿಕೊಂಡು ಕೂಗುತ್ತಿದ್ದೆ.
ನಾನು ದೇವರನ್ನಲ್ಲ, ಗಿರಾಕಿಯನ್ನು ನಂಬಿದವನು.
ಒಂದು ಲೆಕ್ಕ ಬೇಗ ತಿಳಿಯಿತು... ಅವನ ಜೊತೆ ವಾದಕ್ಕೆ ಬಿದ್ದರೆ ಜನ ಸೇರುತ್ತಾರೆ. ಜನ ಸೇರಿದರೆ ಟವೆಲ್ ಹೋಗುತ್ತವೆ.
ಅವನಿಗೂ ಗೊತ್ತಿತ್ತು. "ನಿನ್ನ ಟವೆಲ್ಲೂ ಹೋಗ್ಲಿ, ನನ್ನ ಮಾತೂ ಹೋಗ್ಲಿ" ಅಂತಿದ್ದ.

ಒಮ್ಮೆ ಬಬಲೇಶ್ವರದಲ್ಲಿ ಕೆಣಕಿದೆ.
"ಸತ್ತಾವ ಎದ್ದ ಅಂತೀಯಲ್ಲ, ನೋಡಿದಾವ್ರು ಯಾರಲೇ?"
"ಮೊದಲ ನೋಡಿದಾವ್ರು ಹೆಣ್ಮಕ್ಕಳು."
"ಹೆಣ್ಮಕ್ಕಳ ಮಾತ ಯಾರ ನಂಬ್ತಾರ?"
"ಆಗಿನ ಮಂದೀನೂ ಹಿಂಗ ಅಂದ್ರು. ಸುಳ್ಳ ಕಟ್ಟಾವ ಆಗಿದ್ರ ಸಾಕ್ಷಿಗೆ ಗೌಡನ್ನ ನಿಂದ್ರಸ್ತಿದ್ದ. ಹೆಣ್ಮಕ್ಕಳನ್ನ ಯಾಕ ನಿಂದ್ರಸ್ತಾನ? ನೀ ವ್ಯಾಪಾರಿ, ನೀನ ಹೇಳು."
ನಾನು ಬಾಯಿ ತೆರೆಯುವ ಮೊದಲೇ ಜೈನಾಪುರದ ಒಬ್ಬ ಮುದುಕಿ ಎದ್ದು ನಿಂತಳು.
"ನಾಗೇಶಿ ಗೆದ್ದಿತು ನೋಡ್ರೇ!"

ಗಂಡು ಹೆಚ್ಚು ಅಂತ ಹರದೇಶಿಯವರು, ಹೆಣ್ಣು ಹೆಚ್ಚು ಅಂತ ನಾಗೇಶಿಯವರು ಸವಾಲು-ಜವಾಬು ಹಾಡುತ್ತಾರಲ್ಲ...
ಮಂದಿ ನಮ್ಮಿಬ್ಬರನ್ನು ಅಂಥ ಜೋಡಿ ಮೇಳ ಅಂದುಕೊಂಡಿದ್ದರು!
ಮುದುಕಿ ಅವನ ಕೈಗೆ ತೆಂಗಿನಕಾಯಿ ಇಟ್ಟಳು. ನನಗೆ, "ಬ್ಯಾಸರ ಮಾಡ್ಕೋಬ್ಯಾಡಪಾ, ಬರೂ ಸಂತಿಗೆ ಛಲೋ ಸವಾಲ ತಗೊಂಡ ಬಾ."
"ಯವ್ವಾ, ಇದು ಹಾಡಿಕಿ ಅಲ್ಲಬೇ, ಖರೇ ಸುದ್ದಿ" ಅಂತ ದಾನ್ಯಾ ಗೋಗರೆದ.
"ಖರೇನ ಇರ್ಲಿ, ಬಾರಿಸೂ ದಪ್ಪು ಎಲ್ಲೈತಿ?" ಅಂದಳು.

ದಾನ್ಯಾ...
ಮಂದಿಯ ಮುಂದೆ ಗೆಲ್ಲಬೇಕು ಅಂತ ಕೇಳುತ್ತಿದ್ದೆ.
ಅವ್ವ ತೀರಿದ ವರ್ಷ, ತಿಕೋಟಾ ಸಂತೆ ಮುಗಿಸಿ ಸೈಕಲ್ ನೂಕಿಕೊಂಡು ಬರುವಾಗ ಬೇರೆಯೇ ಕೇಳಿದೆ.
"ನಿನ್ನ ಯೇಸುವಿನ ಹೆಸರೂ ಕೇಳದಾಕಿ ನಮ್ಮವ್ವ. ಆಕಿ ಈಗ ಎಲ್ಲಿ ಅದಾಳಲೇ?"
ಎಲ್ಲದಕ್ಕೂ ಜವಾಬು ಇದ್ದವನು ನೀನು... ತೊರವಿ ಹತ್ತಿರ ಸೈಕಲ್ ನಿಲ್ಲಿಸಿದಿ.
"ನನಗ ಗೊತ್ತಿಲ್ಲೋ. ದೇವರ ಕರುಣಾ ನನ್ನ ಬುದ್ಧಿಗಿಂತ ದೊಡ್ಡದು, ಅಷ್ಟ ಗೊತ್ತು" ಅಂದಿ.
ತನ್ನ ಸರಕಿನ ಬಗ್ಗೆ 'ಗೊತ್ತಿಲ್ಲ' ಅಂದವನನ್ನು ನಾನು ಮತ್ತೆಲ್ಲೂ ಕಾಣಲಿಲ್ಲ. ಆಮೇಲೆ ನಿನ್ನ ಮಾತಿಗೆ ಕಿವಿಗೊಟ್ಟೆ.
ಆದರೂ ನಂಬಲಿಲ್ಲ. ಇವತ್ತು ನಿನ್ನ ಮುಂದೆ ಸುಳ್ಳಾಡಲಾರೆ...

ಹೋದ ಕ್ರಿಸ್‌ಮಸ್‌ಗೆ ನೀನು ಕೇಕ್ ತಂದಾಗ ಕೇಳಿದ್ದೆ, "ಇಷ್ಟ ವರ್ಷ ನನ್ನ ಬೆನ್ನ ಹತ್ತಿ ಬ್ಯಾಸರಾಗಿಲ್ಲೇನಲೇ?"
"ಚಾ ಆರಾಕತ್ತೈತಿ, ಕುಡಿ" ಅಂದಿ.
ಅದು ಜವಾಬಲ್ಲ ದಾನ್ಯಾ...
ನಾನು ನಿನ್ನ ಸೋಲಾಗಿ ಉಳಿದೆನಾ, ಗೆಳೆಯನಾಗಿಯಾ? ಬೆಳಿಗ್ಗೆಯಿಂದ ಇದೊಂದೇ ಕೊರಗು.

ಮಧ್ಯಾಹ್ನ ಮಗಳು ಮತ್ತೆ ಫೋನ್ ಮಾಡಿದ್ದಳು.
ಪೆಟ್ಟಿಗೆಗೆ ಹೆಗಲು ಕೊಡುವವರಲ್ಲಿ ನಾನು ಮೊದಲಿರಬೇಕು ಅಂತ ನೀನೇ ಹೇಳಿಟ್ಟಿದ್ದೆಯಂತೆ.
"ಅವ ನಂಬಾವಲ್ಲ" ಅಂದರಂತೆ ನಿಮ್ಮ ಸಭೆಯ ಹಿರಿಯರು.
"ನಂಬ್ಲಿ, ಬಿಡ್ಲಿ, ಅವ ನನ್ನಾವ" ಅಂದೆಯಂತೆ.

ಬರ್ತೀನಿ. ಹೆಗಲು ಕೊಡ್ತೀನಿ.
ಆಮೇಲೆ ಮನೆಗೆ ಬಂದರೆ... ಮೊಣಕಾಲು ಹೆಂಗೈತಿ, ಶುಗರ್ ಎಷ್ಟೈತಿ ಅಂತ ಕೇಳುವವರು ಬಹಳ ಇದ್ದಾರೆ.
ನನ್ನ ಆತ್ಮದ ಚಿಂತೆ ಮಾಡುವವನು ನೀನೊಬ್ಬನೇ ಇದ್ದೆ.

ನೀನು ನಂಬಿದ ಮನೆಯಲ್ಲಿ ನಿನ್ನ ಜೀವಕ್ಕೆ ನೆಮ್ಮದಿ ಸಿಗಲಿ, ದಾನ್ಯಾ...