ದೊಣಿ ಇರುವ ಗುಡ್ಡ

ಆ ದಿನ ನಾವು ಬಾದಾಮಿಯಲ್ಲಿ ಮದುವೆಯೊಂದನ್ನು ಮುಗಿಸಿಕೊಂಡು ಇಳಕಲ್ ಬಸ್ಸು ಹತ್ತಿದ್ದೆವು. ಹುನಗುಂದದಲ್ಲಿ ಇಳಿಯಬೇಕಿತ್ತು. ನನ್ನ ಗಂಡ ಕಿಟಕಿಯ ಪಕ್ಕ ಕೂತಿದ್ದರು. ನನ್ನ ತೊಡೆಯ ಮೇಲೆ ಮದುವೆಮನೆಯವರು ಕಟ್ಟಿಕೊಟ್ಟ, ಗೋಧಿ ಬೆಲ್ಲದ ಮಾದಲಿಯ ಡಬ್ಬಿ. ಮುಚ್ಚಳ ಸಡಿಲಾಗಿತ್ತು, ತುಪ್ಪ ಸೀರೆಗೆ ತಾಗೀತೆಂದು ಅದನ್ನೇ ಒತ್ತಿ ಹಿಡಿದಿದ್ದೆ. ಬಸ್ಸು ಊರು ಬಿಟ್ಟು ಸ್ವಲ್ಪ ಹೊತ್ತಿಗೆ ಅವರು ಹೊರಗೆ ಕೈ ಮಾಡಿದರು.

"ಅಲ್ಲಿ ನೋಡು. ಆ ಗುಡ್ಡದ ಮ್ಯಾಲೊಂದು ದೊಣಿ ಐತಿ. ಸಣ್ಣಾವಿದ್ದಾಗ ನಾ ಈಸು ಕಲ್ತದ್ದು ಅಲ್ಲೇ."

ದೊಣಿ ಅಂದರೆ ಬಂಡೆಯಲ್ಲಿ ತಾನಾಗಿಯೇ ಆದ ತಗ್ಗು. ಮಳೆ ನೀರು ಅದರಲ್ಲಿ ತಿಂಗಳುಗಟ್ಟಲೆ ನಿಲ್ಲುತ್ತದೆ.

"ಹ್ಞೂ," ಅಂದೆ.

"ಏನ್ ಹ್ಞೂ? ನೋಡಿದ್ಯೋ ಇಲ್ಲೋ?"

"ನೋಡಿದೆ ತಗೋರಿ."

"ಹಂಗಾರ ಮಳಿ ಬಿದ್ದಮ್ಯಾಲೆ ಹೋಗೂಣು. ನೀನಾ ಮುಂದ ನಡದು ದಾರಿ ತೋರಸು ಮತ್ತ."

ಹಿಂದಿನ ಸೀಟಿನಲ್ಲಿ ಯಾರೋ ನಕ್ಕರು. ನಾನು ನೋಡಿರಲಿಲ್ಲ. ತಲೆ ಎತ್ತುವಷ್ಟರಲ್ಲಿ ಅಂಗಡಿಗಳು ಕಾಣುತ್ತಿದ್ದವು. ಅದು ಗುಳೇದಗುಡ್ಡ ಇರಬೇಕು. ಅಥವಾ ಗುಳೇದಗುಡ್ಡ ಆಗಲೇ ದಾಟಿಹೋಗಿ ಬೇರೆ ಯಾವುದೋ ಊರು ಬಂದಿತ್ತೋ ಏನೋ.

ಮರುದಿನ ಬೆಳಿಗ್ಗೆ ಅವರು ಎಂದಿನಂತೆ ಅಂಗಡಿಗೆ ಹೋದರು. ಸುಟ್ಟುಹೋದ ಪಂಪ್‌ಸೆಟ್ಟಿನ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ಕೆಲಸ ಅವರದು. ರಾಮಥಾಳದ ರೈತರೊಬ್ಬರ ಮೋಟಾರು ಬಿಚ್ಚುತ್ತಿದ್ದಾಗ ಎದೆ ನೋವು ಬಂತು. ಬಾಗಲಕೋಟೆಯ ದವಾಖಾನೆಗೆ ಕರೆದೊಯ್ಯುತ್ತಿದ್ದೆವು. ಗಾಡಿ ಕಮತಗಿಯನ್ನೂ ದಾಟಿರಲಿಲ್ಲ, ಅವರು ಹೋಗಿಬಿಟ್ಟರು.

ಮಾತಾಡಿಸಲು ಬಂದವರೆಲ್ಲ ಒಂದೇ ಕೇಳುತ್ತಾರೆ: "ಕಡೀಕ ಏನಂದ್ರವಾ?" ಖರೆ ಹೇಳಬೇಕೆಂದರೆ ಕಡೆಯದಾಗಿ ಅವರು ನನಗೆ ಅಂದದ್ದು, ಆ ಬೆಳಿಗ್ಗೆ, ಚಹಾಕ್ಕೆ ಸಕ್ಕರೆ ಕಡಿಮೆ ಆಗಿದೆ ಎಂದು. ಅದನ್ನು ಹೇಳಲು ಬಾಯಿ ಬರಲಿಲ್ಲ. ಹಿಂದಿನ ದಿನ ಗುಡ್ಡ ತೋರಿಸಿದ್ದನ್ನು ಹೇಳಿದೆ. "ನೀ ನೋಡಿದ್ಯೇನು?" ಅಂದರೆ ನೋಡಿದೆ ಅಂದೆ. ಒಬ್ಬರಿಗೆ, ಗುಡ್ಡದ ನೆತ್ತಿಯ ಮೇಲೆ ಒಂದೇ ಒಂದು ಗಿಡ ಇತ್ತು ಅಂದೆ. ಇನ್ನೊಬ್ಬರಿಗೆ, ಬಂಡೆ ಕೂತ ಎತ್ತಿನ ಹಾಗೆ ಇತ್ತು ಅಂದೆ. ಎತ್ತು ಎಲ್ಲಿಂದ ಬಂತೋ ತಿಳಿಯದು. ಹೇಳುತ್ತ ಹೇಳುತ್ತ ನನಗೂ ಅದು ಕಾಣತೊಡಗಿತು. ಈಗ ಕಣ್ಣು ಮುಚ್ಚಿದರೆ ಆ ಎತ್ತೇ ಬರುತ್ತದೆ, ಅದರ ಹಿಂದೆ ಏನಿತ್ತೋ ಬರುವುದಿಲ್ಲ. ಅವರು ಬಸ್ಸಿನ ಎಡಗಡೆ ಕೂತಿದ್ದರೋ ಬಲಗಡೆಯೋ ಎಂಬುದೂ ದಿನಕ್ಕೊಂದು ಥರ ನೆನಪಾಗುತ್ತದೆ.

ಅವರ ಅಕ್ಕ ಇರುವುದು ಬಾದಾಮಿಯಲ್ಲಿ. ನಾನೂ ಅವರನ್ನು ಅಕ್ಕ ಎಂದೇ ಕರೆಯುತ್ತೇನೆ. ಶ್ರಾವಣದಲ್ಲಿ ಫೋನು ಮಾಡಿದರು.

"ಮಳಿ ಚಲೋ ಆಗೈತಿ, ಬಾ. ತಮ್ಮನ ದೊಣಿ ಹುಡುಕೂಣು. ನೀ ನೋಡಿಯಲ್ಲ, ಗುರತಾ ಹಿಡೀತಿ."

ಬೇಡ ಅನ್ನಲು ಆಗಲಿಲ್ಲ. ಒಂದು ವೇಳೆ ನೋಡಿದರೆ ಗೊತ್ತಾದೀತು ಎಂಬ ಆಸೆಯೂ ಇತ್ತು.

ಬೆಳಿಗ್ಗೆ ಬೇಗ ಗುಳೇದಗುಡ್ಡದ ರಸ್ತೆಯಲ್ಲಿ ಇಳಿದು ನಡೆದೆವು. ಬಾದಾಮಿಗೆ ಎಲ್ಲೆಲ್ಲಿಂದಲೋ ಜನ ಗುಡ್ಡ ನೋಡಲು ಬರುತ್ತಾರೆ. ಇಷ್ಟು ವರ್ಷ ಮಗ್ಗುಲಲ್ಲೇ ಇದ್ದು ನಾನು ಒಂದನ್ನೂ ಸರಿಯಾಗಿ ಹತ್ತಿರಲಿಲ್ಲ. ಕೆಂಪು ಬಂಡೆಗಳು ತೊಯ್ದು ಕಪ್ಪಾಗಿದ್ದವು. ಸಂದಿಗಳಲ್ಲಿ ಮೊಣಕಾಲೆತ್ತರ ಹುಲ್ಲು, ನಡುವೆ ಸೀತಾಫಲದ ಗಿಡಗಳಲ್ಲಿ ಗೋಲಿಯಷ್ಟು ಕಾಯಿ. ಎಲ್ಲೋ ನವಿಲು ಕೂಗುತ್ತಿತ್ತು. ಇಂಥದ್ದರಲ್ಲಿ ಮನಸ್ಸಿಗೆ ಹಿತವಾಗುವುದು ತಪ್ಪೋ ಅಲ್ಲವೋ ತಿಳಿಯದೆ ನಾನು ಕಾಲಕೆಳಗೆ ನೋಡುತ್ತ ನಡೆದೆ.

"ಅವ ಯಾವ ಗುಡ್ಡ ಹತ್ತಿದ್ದ ಅಂತ ನನಗೇನು ಗೊತ್ತು," ಅಕ್ಕ ಏದುಸಿರು ಬಿಡುತ್ತ ಅಂದರು. "ಮಂಗ್ಯಾ ಹತ್ತದ ಗುಡ್ಡನೂ ಹತ್ತ್ಯಾನ. ಚಡ್ಡಿ ಹರಕೊಂಡು ಬರತಿದ್ದ, ಹೊಲಿಯಾಕಿ ನಾನು."

ದಾರಿಯಲ್ಲಿ ಆಡು ಮೇಯಿಸುವ ಹೆಂಗಸೊಬ್ಬರು ಸಿಕ್ಕರು. ತಲೆಯ ಮೇಲೆ ಪ್ಲಾಸ್ಟಿಕ್ ಚೀಲದ ಕೊಪ್ಪೆ, ಕೈಯಲ್ಲಿ ಉದ್ದನೆಯ ಕೋಲು. ದೊಣಿ ಎಲ್ಲಿದೆ ಎಂದು ಅಕ್ಕ ಕೇಳಿದರು.

"ಯಾವ ದೊಣಿ ಬೇಕಬೇ? ಮಂದಿ ಕುಡಿಯೂದೋ, ಆಡು ಕುಡಿಯೂದೋ?"

"ಹುಡುಗೂರು ಈಸೂದು. ಕೂತ ಎತ್ತಿನಂಥಾ ಕಲ್ಲು ಐತಂತ ಅಲ್ಲಿ."

"ಎತ್ತು ಅಂದ್ರ ಎತ್ತು, ಆನಿ ಅಂದ್ರ ಆನಿ. ಕಲ್ಲಿಗೇನು, ನೀವು ಏನಂದ್ರೂ ಹ್ಞೂ ಅಂತೈತಿ," ಎಂದು ನಕ್ಕು, ಆಡುಗಳನ್ನು ತಿರುಗಿಸಿ ನಮ್ಮ ಮುಂದೆ ನಡೆದರು.

ಮೊದಲು ತೋರಿಸಿದ ದೊಣಿ ಮೊಣಕಾಲು ಮುಳುಗುವಷ್ಟೂ ಇರಲಿಲ್ಲ. ಎರಡನೆಯದಕ್ಕೆ ಬಂಡೆಯ ಮೇಲೆ ಕೂತು ಜಾರಿಕೊಂಡೇ ಹೋಗಬೇಕಾಯಿತು. ಅದು ದೊಡ್ಡದು. ನೀರು ಹಸಿರಾಗಿ, ಅಲುಗಾಡದೆ ನಿಂತಿತ್ತು. ನಮ್ಮ ಸದ್ದಿಗೆ ಕಪ್ಪೆಗಳು ಒಂದೊಂದಾಗಿ ಹಾರಿದವು. ಅಕ್ಕ ಸುತ್ತ ನೋಡಿದರು. ಬದಿಯ ಬಂಡೆಯೊಂದಕ್ಕೆ ಗೂನು ಇತ್ತು.

"ಇದಾ! ಎತ್ತು ಇಲ್ಲೇ ಕುಂತೈತಿ ನೋಡು. ಇದಾ ಹೌದಲ್ಲ?"

ಅವರು ಕಾಲು ನೀರಿಗೆ ಬಿಟ್ಟು ಕೂತಾಗಿತ್ತು. ಸೆರಗಿನಿಂದ ಮುಖ ಒರೆಸಿಕೊಂಡರು. ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ, ಮೊಸರು ತೆಗೆದಿಟ್ಟರು. ಒಂದು ರೊಟ್ಟಿಯನ್ನು ಮುರಿದು ನೀರಿನ ಅಂಚಿಗೆ, ತಮ್ಮನಿಗೆಂದು ಇಟ್ಟರು. ಅವರ ಮುಖದಲ್ಲಿ ಅಷ್ಟು ದಿನದ ಮೇಲೆ ಒಂದು ಸಮಾಧಾನ ಕಂಡೆ. ಹೌದು ಅಂದಿದ್ದರೆ ಮುಗಿಯುತ್ತಿತ್ತು.

"ನಾ ನೋಡೇ ಇಲ್ಲಕ್ಕಾ."

"ಏನು?"

"ಅವರು ಬಸ್ಸಿನ್ಯಾಗ ತೋರಿಸಿದಾಗ ನಾ ಡಬ್ಬಿ ನೋಡಾಕ ಹತ್ತಿದ್ದೆ. ನೋಡಿದೆ ಅಂತ ಸುಳ್ಳು ಹೇಳೇನಿ. ಅವರಿಗೂ, ಎಲ್ಲಾರಿಗೂ."

"ಮತ್ತ ಎತ್ತು?"

"ಯಾಕಂದೆ ಗೊತ್ತಿಲ್ಲ."

ಅಕ್ಕ ಕಾಲನ್ನು ನೀರಿನಿಂದ ಮೇಲೆ ತೆಗೆದುಕೊಂಡರು. ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಏನಾದರೂ ತಿಳಿಯಾಗುತ್ತಿತ್ತೇನೋ. ಆಡಿನ ಹೆಂಗಸು ನಮ್ಮಿಬ್ಬರನ್ನೂ ನೋಡಿ, ಮೆಲ್ಲಗೆ ಕೇಳಿದರು:

"ಬಸ್ಸಿನ್ಯಾಗಿಂದ ತೋರಿಸಿದ್ರೇನ್ರಿ? ಬಸ್ಸಿನ್ಯಾಗಿಂದ ದೊಣಿ ಹೆಂಗ ಕಾಣತೈತಿ? ಮ್ಯಾಲೆ ಬಂದ್ರನ ಕಾಣೂದು. ಈ ಸಾಲಿನ್ಯಾಗ ಎಲ್ಲಾ ಗುಡ್ಡದಾಗೂ ದೊಣಿ ಅದಾವು."

ಅದೂ ಸರಿಯೇ. ಹಾಗಾದರೆ ನಾನು ತಲೆ ಎತ್ತಿ ನೋಡಿದ್ದರೂ ಬರಿ ಒಂದು ಗುಡ್ಡವನ್ನು ನೋಡುತ್ತಿದ್ದೆ. ಇದರಿಂದ ನನ್ನ ತಪ್ಪು ಸಣ್ಣದಾಯಿತೋ ದೊಡ್ಡದಾಯಿತೋ, ಅಲ್ಲಿ ಕೂತು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ.

"ಮೊದಲ ಉಣ್ಣು," ಅಕ್ಕ ರೊಟ್ಟಿ ಕೈಗಿಟ್ಟರು. "ಅವನ ಮಾತಿಗೆ ನಾನರೆ ಎಷ್ಟು ಸಲ ನೋಡದನ ಹ್ಞೂ ಅಂದೇನಿ. ಬಾಯಿ ಮುಚ್ಚತಿದ್ನೇನು ಅವ? ಎಲ್ಲಾದಕ್ಕೂ ತಿರುಗಿ ನೋಡಾಕ ಕುಂತಿದ್ರ ನಮ್ಮ ಕುತಗಿ ಉಳಕತಿತ್ತು."

ನಕ್ಕೆ. ನಕ್ಕದ್ದಕ್ಕೆ ಅಳು ಬಂತು. ಆಡಿನ ಹೆಂಗಸಿಗೂ ರೊಟ್ಟಿ ಕೊಟ್ಟೆವು, ಚಟ್ನಿಗೆ ಖಾರ ಸಾಲದು ಅಂದರು.

ಸಂಜೆ ಅಕ್ಕನ ಮನೆ ಮುಟ್ಟಿದ ಮೇಲೆ ಅವರು ಪಕ್ಕದ ಮನೆಯವರಿಗೆ, "ಸಿಕ್ತು ನೋಡ್ರಿ ತಮ್ಮನ ದೊಣಿ, ಎಂಥಾ ಚಂದ ನೀರು," ಎಂದು ಹೇಳುತ್ತಿದ್ದುದು ಒಳಗೆ ಕೇಳಿಸಿತು. ನಾನು ಹೊರಗೆ ಬಂದು ಅಲ್ಲ ಅನ್ನಲಿಲ್ಲ. ಅವರಿಗೆ ಸಿಕ್ಕಿದ್ದರೆ ಸಿಕ್ಕಿರಲಿ.

ಆಮೇಲೆ ಇನ್ನೂ ಎರಡು ಸಲ ಹೋಗಿ ಬಂದೆ, ಒಬ್ಬಳೇ. ಒಂದು ಸಲ ರಸ್ತೆಯ ಎಡಕ್ಕೆ, ಒಂದು ಸಲ ಬಲಕ್ಕೆ. ಎರಡೂ ಕಡೆ ದೊಣಿ ಇದ್ದವು, ನೀರಿತ್ತು. ಅವರು ಕೈ ಮಾಡಿ ತೋರಿಸಿದ ಗುಡ್ಡ ಯಾವುದು ಎಂಬುದು ನನಗೆ ಗೊತ್ತಿಲ್ಲ.